ಒಂದನೇ ತಾರೀಕಿಗೆ ಒಂದು ದಿನ ಮುಂಚೆ

ಮಾವನ ಮನೆಯಲ್ಲಿ ಇಬ್ಬರು ಅಳಿಯಂದಿರನ್ನೂ ಹೆಸರು ಹಿಡಿದು ಕರೆಯುವ ರೂಢಿ ಇರಲಿಲ್ಲ. ಒಬ್ಬ ದೊಡ್ಡಳಿಯ, ಇನ್ನೊಬ್ಬ ಚಿಕ್ಕಳಿಯ. ದೊಡ್ಡಳಿಯ ಕಾರಿನ ಷೋರೂಮಿನಲ್ಲಿ ಡ್ರೈವರ್, ಚಿಕ್ಕಳಿಯನದು ಟೈಲ್ಸ್ ಅಂಗಡಿ. ಹೊರಗಿನವರು ನೋಡಿ ಷಡ್ಡಕರೆಂದರೆ ಹೀಗಿರಬೇಕು ಎನ್ನುತ್ತಿದ್ದರು. ಒಳಗಿನ ಸಂಗತಿ ಬೇರೆ. ದೊಡ್ಡಳಿಯನಿಗೆ ಚಿಕ್ಕಳಿಯನನ್ನು ಕಂಡರೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳುವ ಅಗತ್ಯವಿಲ್ಲ. ಹೊಟ್ಟೆಕಿಚ್ಚಿಗೆ ಬೇರೆ ಮರ್ಯಾದಸ್ಥ ಹೆಸರು ಇಟ್ಟರೂ ಅದು ಉರಿಯುವುದು ಹೊಟ್ಟೆಯಲ್ಲೇ.

ಚಿಕ್ಕಳಿಯನ ಮನೆ ದೊಡ್ಡದು, ಅಂಗಡಿ ಎರಡಾಯಿತು, ಇದೆಲ್ಲ ದೊಡ್ಡಳಿಯ ಹೇಗೋ ನುಂಗಿಕೊಂಡಿದ್ದ. ಯಾಕೆಂದರೆ ಆ ಕುಟುಂಬದಲ್ಲಿ ಅವನದೇ ಆದ ಒಂದು ಜಾಗ ಇತ್ತು. ಅದು ಸ್ಟೀರಿಂಗಿನ ಹಿಂದಿನ ಜಾಗ. ಮಾವ ನಲವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು, ಯಾರ ಡ್ರೈವಿಂಗೂ ಅವರಿಗೆ ಹಿಡಿಸದು. ಒಮ್ಮೆ ಟ್ಯಾಕ್ಸಿಯವನನ್ನು ಅರ್ಧ ದಾರಿಯಲ್ಲಿ ನಿಲ್ಲಿಸಿ, ಬಾಡಿಗೆ ಪೂರ್ತಿ ಕೊಟ್ಟು, ಉಳಿದ ದಾರಿ ನಡೆದುಕೊಂಡು ಬಂದಿದ್ದರು. ಅಂಥವರು ದೊಡ್ಡಳಿಯನ ಪಕ್ಕದ ಸೀಟಿನಲ್ಲಿ ಕೂತರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಗೇರ್ ಬದಲಾಯಿಸುವಾಗ ಒಮ್ಮೆ ಕೈ ನೋಡುವರು, ಆಮೇಲೆ ಕಿಟಕಿಯ ಕಡೆ ತಿರುಗುವರು. ಹದಿನೆಂಟು ವರ್ಷದಿಂದ ಆಸ್ಪತ್ರೆ, ಮದುವೆ, ಸಾವು, ಏನೇ ಇರಲಿ, ಮಾವ ಹೊರಟರೆಂದರೆ ಫೋನು ಬರುವುದು ದೊಡ್ಡಳಿಯನಿಗೆ. ಅವನ ಕಾರಿಗೋ ಹತ್ತೊಂಬತ್ತು ವರ್ಷ, ಅವನ ಕಡೆಯ ಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ. ಗಾಜು ಇಳಿಸಿ ಕೈ ಹೊರಗೆ ಹಾಕಿ ತೆರೆದು ಇಳಿಯಬೇಕು. ಆದರೂ ಆ ಕಾರು ಬಾಗಿಲಿಗೆ ಬಂದು ನಿಂತಾಗ ಮಾವ ಚಪ್ಪಲಿ ಮೆಟ್ಟಿ ಕಾಯುತ್ತಿರುತ್ತಿದ್ದರು. ಅಷ್ಟು ಸಾಕಿತ್ತು ಅವನಿಗೆ.

ಹೀಗಿರುವಾಗ ಒಂದು ದಿನ ಎಲ್ಲರೂ ಊಟಕ್ಕೆ ಕೂತಾಗ ಚಿಕ್ಕಳಿಯ ಸುದ್ದಿ ಹೇಳಿದ.

"ಕಾರು ಬುಕ್ ಮಾಡಿದೆ ಭಾವ, ನಿಮ್ಮ ಷೋರೂಮಲ್ಲೇ. ಏಳು ಸೀಟಿನದು. ಇನ್ಮೇಲೆ ಮಾವನ್ನ ಎಲ್ಲಿಗೆ ಕರ್ಕೊಂಡು ಹೋಗೋದಿದ್ರೂ ನಾನಿದೀನಿ. ನೀವೂ ಪಾಪ ಎಷ್ಟು ವರ್ಷ ಅಂತ ಒದ್ದಾಡ್ತೀರ."

ಎಲ್ಲರಿಗೂ ಖುಷಿಯೋ ಖುಷಿ. ದೊಡ್ಡಳಿಯನೂ ಹಲ್ಲು ಕಿರಿದ. ಆದರೆ ಆ 'ಪಾಪ' ಎಂಬ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಎಷ್ಟು ನೀರು ಕುಡಿದರೂ ಇಳಿಯಲಿಲ್ಲ.

ಆ ಊರಿನಲ್ಲಿ ಕಾರಿನ ನಂಬರಿಗೆ ಒಂದು ಲೆಕ್ಕಾಚಾರ. ವರ್ಷಕ್ಕೆ ಎರಡು ಸಲ, ಗೊತ್ತಾದ ತಿಂಗಳ ಒಂದನೇ ತಾರೀಕಿಗೆ, ಹೊಸ ಅಕ್ಷರದ ಸರಣಿ ಶುರುವಾಗುತ್ತದೆ. ಪ್ಲೇಟಿನ ಮೊದಲ ಅಕ್ಷರ ನೋಡಿದರೆ ಸಾಕು, ಗಾಡಿ ಎಷ್ಟು ಹೊಸದೆಂದು ಬೀದಿಯ ಜನಕ್ಕೆಲ್ಲ ತಿಳಿಯುತ್ತದೆ. ಹಾಗಾಗಿ ಹಿಂದಿನ ತಿಂಗಳು ಕಾರು ಕೊಂಡವರು ಯಾರೂ ಮನೆಗೆ ಒಯ್ಯುವುದಿಲ್ಲ. ಒಂದನೇ ತಾರೀಕು ನೋಂದಣಿ ಆಗಲಿ, ಹೊಸ ಅಕ್ಷರ ಬರಲಿ ಎಂದು ಕಾಯುತ್ತಾರೆ. ಅಲ್ಲಿಯವರೆಗೆ ಅದನ್ನು ರಸ್ತೆಗೆ ಇಳಿಸುವಂತಿಲ್ಲ, ಇಳಿಸಿದರೆ ಅಪರಾಧ. ಷೋರೂಮಿನ ಹಿಂದಿನ ಬಯಲಲ್ಲಿ ಹಣ ಕಟ್ಟಿಸಿಕೊಂಡ ಕಾರುಗಳು ಪ್ಲಾಸ್ಟಿಕ್ ಹೊದ್ದು ಸಾಲುಗಟ್ಟಿ ನಿಲ್ಲುತ್ತವೆ. ಮಾಲೀಕರು ಸಂಜೆ ಹೊತ್ತು ಬೇಲಿಯಾಚೆ ನಿಂತು ತಮ್ಮ ಕಾರು ಯಾವುದೆಂದು ಹೆಂಡತಿ ಮಕ್ಕಳಿಗೆ ಬೆರಳು ಮಾಡಿ ತೋರಿಸುತ್ತಾರೆ.

ಊರ ಹೊರಗಿನ ಗೋದಾಮಿನಿಂದ ಷೋರೂಮಿಗೆ ಆ ಕಾರುಗಳನ್ನು ತರುವುದು ದೊಡ್ಡಳಿಯನ ಕೆಲಸ. ಅದಕ್ಕೆಂದೇ ಎರಡು ಕೆಂಪು ಪ್ಲೇಟು ಇದ್ದವು. ನೋಂದಣಿ ಆಗದ ಕಾರಿಗೆ ಅದನ್ನು ಸಿಕ್ಕಿಸಿಕೊಂಡು ಓಡಿಸಬಹುದು, ಆದರೆ ಸರ್ಕಾರದ ಕಾಗದದಲ್ಲಿ ಹೆಸರಿದ್ದ ಡ್ರೈವರ್ ಮಾತ್ರ. ಕಾಗದದಲ್ಲಿ ಇದ್ದದ್ದು ಅವನೊಬ್ಬನ ಹೆಸರು. ಇಪ್ಪತ್ತೆರಡು ವರ್ಷದಲ್ಲಿ ಆ ಊರಿನ ಅರ್ಧ ಕಾರುಗಳಲ್ಲಿ ಮೊದಲು ಕೂತವನು ಅವನೇ. ತನ್ನದಾಗಿ ಒಂದೂ ಹೊಸ ಕಾರು ಇರಲಿಲ್ಲ, ಆದರೆ ಎಲ್ಲರ ಕಾರಿನ ಮೊದಲ ಹನ್ನೆರಡು ಕಿಲೋಮೀಟರು ತನ್ನದು ಎಂದು ಒಳಗೊಳಗೇ ಬೀಗುತ್ತಿದ್ದ.

ಚಿಕ್ಕಳಿಯನ ಕಾರನ್ನೂ ಅವನೇ ತಂದ. ಬೂದು ಬೆರೆತ ನೀಲಿ ಬಣ್ಣ. ಒಂದಾದರೂ ಕೊರತೆ ಸಿಗಲಿ ಎಂದು ದಾರಿಯುದ್ದಕ್ಕೂ ಹುಡುಕಿದ. ಬ್ರೇಕ್ ಒತ್ತಿದ, ಹೊಂಡಕ್ಕೆ ಬೇಕೆಂದೇ ಇಳಿಸಿದ, ಕಿಟಕಿ ಮುಚ್ಚಿ ಕಿವಿಗೊಟ್ಟ. ಒಂದು ಕಿರಿಕಿರಿ ಇಲ್ಲ, ಒಂದು ನಡುಕ ಇಲ್ಲ. ಷೋರೂಮು ಮುಟ್ಟಿದ ಮೇಲೂ ಇಳಿಯಲು ಮನಸ್ಸಾಗದೆ ಎರಡು ನಿಮಿಷ ಸುಮ್ಮನೆ ಕೂತ. ಈ ಸೀಟಿನಲ್ಲಿ ಅವನು ಕೂರುತ್ತಾನೆ, ಪಕ್ಕದ ಸೀಟಿನಲ್ಲಿ ಮಾವ ಕೂರುತ್ತಾರೆ. ಮಾವ ಅಲ್ಲಿಯೂ ಸುಮ್ಮನಿದ್ದುಬಿಟ್ಟರೆ?

ಇಪ್ಪತ್ತೆಂಟನೇ ತಾರೀಕು ಮಾವನಿಗೆ ಕಣ್ಣಿನ ಆಪರೇಷನ್ ಆಯಿತು. ಮೂವತ್ತನೇ ತಾರೀಕು ಮಧ್ಯಾಹ್ನ ಮೂರೂವರೆಗೆ ಮನೆಗೆ ಕಳಿಸುತ್ತೇವೆಂದು ಡಾಕ್ಟರು ಹೇಳಿದ್ದರು. ಮಾರನೆಯ ದಿನ ಹೊಸ ತಿಂಗಳ ಒಂದನೇ ತಾರೀಕು. ಇಪ್ಪತ್ತೊಂಬತ್ತರಂದು ಚಿಕ್ಕಳಿಯ ಷೋರೂಮಿಗೆ ಬಂದು ದೊಡ್ಡಳಿಯನನ್ನು ಕಾರು ತೊಳೆಯುವ ಜಾಗಕ್ಕೆ ಕರೆದುಕೊಂಡು ಹೋದ.

"ಭಾವ, ಒಂದೇ ಒಂದು ಉಪಕಾರ. ನಾಳೆ ಗಾಡಿ ಕೊಡಿಸಿ. ಕಣ್ಣಿನ ಕಟ್ಟು ಬಿಚ್ಚಿದ ಮೇಲೆ ಮಾವ ಮೊದಲು ನೋಡೋದು ಹೊಸ ಗಾಡಿ ಆಗಿರ್ಲಿ. ಎರಡು ಗಂಟೆ ಸಾಕು, ವಾಪಸ್ ತಂದು ನಿಲ್ಲಿಸ್ತೀನಿ."

"ಮತ್ತೆ ನಾನು?"

"ನೀವೂ ಬನ್ನಿ. ನಾನು ಓಡಿಸ್ತೀನಿ, ಮಾವ ಮುಂದೆ. ನೀವು ಹಿಂದಿನ ಸೀಟಲ್ಲಿ ಆರಾಮಾಗಿ ಕಾಲು ಚಾಚ್ಕೊಂಡು ಕೂತ್ಕೊಳ್ಳಿ."

ಅವನು ಪ್ರೀತಿಯಿಂದಲೇ ಹೇಳಿದ್ದು. ಕೆಟ್ಟ ಮನಸ್ಸಿನಿಂದ ಹೇಳಿದ್ದರೆ ದೊಡ್ಡಳಿಯ ಅಷ್ಟು ಉರಿಯುತ್ತಿರಲಿಲ್ಲವೇನೋ.

"ಆಗಲ್ಲಪ್ಪ. ಕಾನೂನು ಕಾನೂನೇ. ತಾರೀಕಿಗೆ ಮುಂಚೆ ಗಾಡಿ ಗೇಟು ದಾಟೋ ಹಾಗಿಲ್ಲ. ನನ್ನ ಸ್ವಂತ ಅಪ್ಪ ಬಂದು ಕೇಳಿದ್ರೂ ಇಷ್ಟೇ," ಎಂದು ದೊಡ್ಡಳಿಯ ಕಡ್ಡಿ ಮುರಿದಂತೆ ಹೇಳಿದ.

ಈ ಧರ್ಮರಾಯನ ಪೂರ್ವೋತ್ತರವನ್ನು ಸ್ವಲ್ಪ ಹೇಳಿಬಿಡಬೇಕು. ದಂತವೈದ್ಯನ ಮಗಳ ಮದುವೆಗೆ ಎರಡು ದಿನ ಮುಂಚೆ ಕಾರು ಬೇಕೆಂದಾಗ ಕೆಂಪು ಪ್ಲೇಟು ಸಿಕ್ಕಿಸಿಕೊಟ್ಟವನು ಇವನೇ. ಮ್ಯಾನೇಜರ ಬಾಮೈದ ಒಂದು ವಾರ ಓಡಾಡಿಕೊಂಡಿದ್ದಾಗ ಕಣ್ಣು ಮುಚ್ಚಿದ್ದವನೂ ಇವನೇ. ಇಪ್ಪತ್ತೆರಡು ವರ್ಷದಲ್ಲಿ ಕಾನೂನೆಂಬ ಮಾತು ಆ ಬಾಯಿಗೆ ಬಂದದ್ದು ಅವತ್ತೇ ಮೊದಲು. ಚಿಕ್ಕಳಿಯನಿಗೆ ಅದೆಲ್ಲ ಗೊತ್ತಿರಲಿಲ್ಲ. "ಸರಿ ಭಾವ, ನಿಮಗೆ ತೊಂದರೆ ಆಗೋದು ಬೇಡ," ಎಂದು ಹೊರಟುಹೋದ.

ಮೂವತ್ತನೇ ತಾರೀಕು ದೊಡ್ಡಳಿಯ ಅರ್ಧ ದಿನದ ರಜೆ ಕೇಳಿಟ್ಟಿದ್ದ. ಬೆಳಿಗ್ಗೆಯೇ ತನ್ನ ಹಳೆಯ ಕಾರನ್ನು ತೊಳೆದು, ಮುಂದಿನ ಸೀಟಿಗೆ ಮೆತ್ತನೆಯ ದಿಂಬು ಇಟ್ಟಿದ್ದ. ಗೋದಾಮಿನಿಂದ ಕೊನೆಯ ಕಾರು ತಂದು ನಿಲ್ಲಿಸಿದಾಗ ಎರಡೂವರೆ. ಕೈ ತೊಳೆಯುತ್ತಿದ್ದಾಗ ಹೆಂಡತಿಯ ಫೋನು ಬಂತು.

"ರೀ, ನೀವು ರಜೆ ಹಾಕೋದು ಬೇಡ. ತಂಗಿ ಗಂಡ ಹೊಸ ಗಾಡಿ ತಂದಿದಾರೆ, ನಾನೂ ತಂಗೀನೂ ಅದರಲ್ಲೇ ಹೊರಟ್ವಿ. ಅಪ್ಪನ್ನ ಕರ್ಕೊಂಡು ಸೇತುವೆ ರಸ್ತೆ ಮೇಲೆ ಮನೆಗೆ ಹೋಗ್ತೀವಿ. ನೀವು ನಿಮ್ಮ ಕೆಲಸ ನೋಡ್ಕೊಳ್ಳಿ." ದನಿಯಲ್ಲಿ ನಗು ಇತ್ತು. ಅವನ ಹಳೆಯ ಕಾರಿಗೆ ಹತ್ತುವಾಗ ಅವಳ ದನಿಯಲ್ಲಿ ಆ ನಗು ಕೇಳಿ ಎಷ್ಟು ವರ್ಷವಾಯಿತೋ.

ಬಯಲಿಗೆ ಹೋಗಿ ನೋಡಿದ. ನೀಲಿ ಕಾರು ನಿಂತಿದ್ದ ಜಾಗ ಖಾಲಿ, ಕೆಳಗೆ ಒಣ ನೆಲದ ಚೌಕ ಮಾತ್ರ. ಮ್ಯಾನೇಜರ ಕೋಣೆಗೆ ನುಗ್ಗಿದ.

"ನಿಮ್ಮ ಷಡ್ಡಕರೇ ಅಲ್ವೇನ್ರೀ, ಪ್ಲೇಟ್ ಹಾಕಿ ಕಳಿಸಿದೆ," ಎಂದರು ಮ್ಯಾನೇಜರ್, ಕಂಪ್ಯೂಟರಿನಿಂದ ತಲೆ ಎತ್ತದೆ. "ವಯಸ್ಸಾದವರನ್ನ ಆಸ್ಪತ್ರೆಯಿಂದ ತರೋದು ಅಂದ್ರು. ಎರಡು ಗಂಟೇಲಿ ಬರ್ತಾರೆ. ಊರಿನವರಿಗೆಲ್ಲ ಕೊಟ್ಟಿದೀವಿ, ಮನೆಯವರಿಗೆ ಇಲ್ಲ ಅನ್ನಕ್ಕಾಗತ್ತಾ?"

ದೊಡ್ಡಳಿಯ ಕೋಣೆಯಿಂದ ಹೊರಬಿದ್ದ. ಕಾರು ತೊಳೆಯುವ ಜಾಗದ ಹಿಂದೆ ಹೋದ, ನೀರಿನ ಪೈಪು ಬಿಟ್ಟ ಸದ್ದಿನ ಮರೆಯಲ್ಲಿ ನಿಂತು ಟ್ರಾಫಿಕ್ ಪೊಲೀಸರಿಗೆ ಫೋನು ಮಾಡಿದ. ನೋಂದಣಿ ಆಗದ ಕಾರು, ನೀಲಿ ಬಣ್ಣ, ಏಳು ಸೀಟು, ಕೆಂಪು ಪ್ಲೇಟು, ಓಡಿಸುತ್ತಿರುವವನು ಷೋರೂಮಿನವನಲ್ಲ. ಕಣ್ಣಾಸ್ಪತ್ರೆಯಿಂದ ಮೂರೂವರೆಗೆ ಹೊರಟು ಸೇತುವೆ ರಸ್ತೆಯಲ್ಲಿ ಬರುತ್ತದೆ. ಹೆಸರು ಕೇಳಿದಾಗ ಫೋನಿಟ್ಟ. ಬಾಯಲ್ಲಿದ್ದ ಕಹಿಯನ್ನು ಉಗಿದಷ್ಟು ಹಗುರವಾಯಿತು. ನಿಲ್ಲಿಸಲಿ, ದಂಡ ಹಾಕಲಿ, ಮಾವನ ಎದುರಿಗೇ ಅವನ ಮುಖ ಇಂಗು ತಿಂದ ಮಂಗನ ಹಾಗಾಗಲಿ. ಆಗ ಮಾವನೇ ಹೇಳುತ್ತಾರೆ, ದೊಡ್ಡಳಿಯನಿಗೆ ಫೋನ್ ಮಾಡಿ ಅಂತ. ತಾನು ಹೋಗುತ್ತೇನೆ, ದಿಂಬು ಸರಿಮಾಡಿ ಕೂರಿಸುತ್ತೇನೆ.

ಈ ಸುಖ ಒಂದು ಗಂಟೆ ಹೊತ್ತು ಇತ್ತು. ಮಧ್ಯಾಹ್ನ ತಂದ ಕಾರಿನ ಹೊತ್ತು ಬರೆಯಲು ಪ್ಲೇಟಿನ ಪುಸ್ತಕ ತೆರೆದ. ಯಾವ ಪ್ಲೇಟು, ಯಾವ ಕಾರು, ಎಷ್ಟು ಹೊತ್ತಿಗೆ ಹೋಯಿತು, ಓಡಿಸಿದವನ ಹೆಸರು, ಸಹಿ. ಪ್ರತಿ ಸಲ ಸಹಿ ಹಾಕುವ ರಗಳೆ ಬೇಡವೆಂದು ಸೋಮವಾರ ಬೆಳಿಗ್ಗೆ ಇಡೀ ವಾರದ ಸಾಲುಗಳಿಗೂ ಒಟ್ಟಿಗೇ ಹೆಸರು ಬರೆದು ಸಹಿ ಜಡಿದಿಡುವುದು ಅವನ ಅಭ್ಯಾಸ. ಕಾರು, ಹೊತ್ತು ಮಾತ್ರ ಆಮೇಲೆ ತುಂಬುವುದು. ಮ್ಯಾನೇಜರು ತುಂಬಿದ್ದರು: ಎರಡನೇ ಪ್ಲೇಟು, ನೀಲಿ, ಏಳು ಸೀಟು, ಎರಡು ಗಂಟೆ ಐದು ನಿಮಿಷ. ಅದರ ಮುಂದೆ ಅವನ ಹೆಸರು. ಅದರ ಮುಂದೆ ಅವನ ಸಹಿ, ಕೆಳಗೆ ಎಳೆದ ಗೆರೆಯ ಸಮೇತ.

ತನ್ನ ಹೆಸರಿನ ಪ್ಲೇಟನ್ನು ಬೇರೆಯವರ ಕೈಗೆ ಕೊಟ್ಟ ಡ್ರೈವರನ ಲೈಸೆನ್ಸ್ ಖಾಯಂ ರದ್ದು. ಆ ನಿಯಮ ಪುಸ್ತಕದ ರಟ್ಟಿನ ಮೇಲೇ ಅಚ್ಚಾಗಿತ್ತು, ಇಪ್ಪತ್ತೆರಡು ವರ್ಷದಿಂದ ಅದರ ಮೇಲೆ ಟೀ ಲೋಟ ಇಡುತ್ತಿದ್ದ. ಲೈಸೆನ್ಸ್ ಹೋದರೆ ಷೋರೂಮಿನಲ್ಲಿ ಅವನಿಗೇನು ಕೆಲಸ? ಮಾವನ ಬಾಗಿಲಿಗೆ ಏನು ತಂದು ನಿಲ್ಲಿಸುತ್ತಾನೆ? ಚಿಕ್ಕಳಿಯನಿಗೆ ತೋಡಿದ ಗುಂಡಿಯ ಅಂಚಿನಲ್ಲಿ ತನ್ನ ಚಪ್ಪಲಿಯೇ ಕಂಡಿತು.

ಚಿಕ್ಕಳಿಯನಿಗೆ ಫೋನು ಮಾಡಿದ. ಎತ್ತಲಿಲ್ಲ. ಗಾಡಿ ಓಡಿಸುವಾಗ ಫೋನು ಎತ್ತುವ ಜಾತಿಯಲ್ಲ ಅವನು. ನಾಲ್ಕನೇ ಸಲಕ್ಕೆ ಹೆಂಡತಿಗೆ ಮಾಡಿದ. ಅವಳ ದನಿಯಲ್ಲಿ ಈಗ ನಗು ಇರಲಿಲ್ಲ. "ಪೊಲೀಸ್‌ನವರು ಹಿಡಿದಿದಾರೆ ರೀ. ಠಾಣೆಗೆ ಹೋಗ್ತಿದೀವಿ. ಅಪ್ಪನೂ ಇದಾರೆ."

ಠಾಣೆಯ ಉದ್ದನೆಯ ಬೆಂಚಿನ ಮೇಲೆ ಮಾವ ಕೂತಿದ್ದರು, ಒಂದು ಕಣ್ಣಿಗೆ ಪ್ಲಾಸ್ಟಿಕ್ ಮುಚ್ಚಳ, ಮೊಣಕಾಲ ಮೇಲೆ ಔಷಧಿ ಚೀಟಿ. ಇಬ್ಬರು ಹೆಣ್ಣುಮಕ್ಕಳು ಅಕ್ಕಪಕ್ಕ. ಮೇಜಿನ ಎದುರು ಚಿಕ್ಕಳಿಯ ಕೈ ಕಟ್ಟಿ ನಿಂತಿದ್ದ. ಇನ್ಸ್‌ಪೆಕ್ಟರ ಫೋನಿನಲ್ಲಿ, ಷೋರೂಮಿನಿಂದ ತರಿಸಿಕೊಂಡ ಪ್ಲೇಟಿನ ಪುಸ್ತಕದ ಆ ಪುಟದ ಫೋಟೊ ಆಗಲೇ ಬಂದು ಕೂತಿತ್ತು.

"ಈ ಸಹಿ ನಿಮ್ಮದಾ?" ಎಂದು ಇನ್ಸ್‌ಪೆಕ್ಟರ್ ದೊಡ್ಡಳಿಯನನ್ನು ಕೇಳಿದರು.

ಅವನು ಹೌದೆಂದು ತಲೆಯಾಡಿಸಿದ.

"ಅಂದ್ರೆ ಪ್ಲೇಟ್ ಕೊಟ್ಟಿದ್ದು ನೀವು."

"ಅವರಲ್ಲ ಸಾರ್," ಎಂದ ಚಿಕ್ಕಳಿಯ. "ಭಾವ ಊರಲ್ಲೇ ಇರ್ಲಿಲ್ಲ, ಗೋದಾಮಿಗೆ ಹೋಗಿದ್ರು. ಪ್ಲೇಟು ಅಲ್ಲೇ ಮೇಜಿನ ಮೇಲಿತ್ತು, ನಾನೇ ಎತ್ಕೊಂಡೆ. ಸಹಿ ಅವರು ಮುಂಚೆನೇ ಹಾಕಿಟ್ಟಿರ್ತಾರೆ, ನೋಡಿ, ನಾಳೆಯ ಸಾಲಿಗೂ ಇದೆ. ನಿನ್ನೆ ನಾನು ಕೇಳ್ದಾಗ್ಲೇ ಇವರು ಆಗಲ್ಲ ಅಂದಿದ್ರು. ಸ್ವಂತ ಅಪ್ಪ ಬಂದ್ರೂ ಕೊಡಲ್ಲ ಅಂದ್ರು. ತಪ್ಪು ನಂದು, ಬರ್ಕೊಳ್ಳಿ."

ಇನ್ಸ್‌ಪೆಕ್ಟರ್ ದೊಡ್ಡಳಿಯನನ್ನು ಮೇಲಿಂದ ಕೆಳಗೆ ನೋಡಿದರು. "ಮನೆಯವರಿಗೇ ಇಲ್ಲ ಅಂದ್ರಾ? ಇಂಥವರು ನಾಲ್ಕು ಜನ ಇದ್ರೆ ನಮಗೆ ಇಷ್ಟು ಕೆಲಸ ಇರ್ತಿರ್ಲಿಲ್ಲ. ಆದ್ರೆ ಮುಂಚೆನೇ ಸಹಿ ಹಾಕೋದು ಬಿಡ್ರೀ."

ಹಾಗೆ ಎಚ್ಚರಿಕೆ ಕೊಟ್ಟು ಅವನನ್ನು ಬಿಟ್ಟರು. ತಾರೀಕಿಗೆ ಮುಂಚೆ ಕಾರು ಇಳಿಸಿದ್ದಕ್ಕೆ, ಪ್ಲೇಟು ತೆಗೆದುಕೊಂಡದ್ದಕ್ಕೆ ಚಿಕ್ಕಳಿಯನ ಲೈಸೆನ್ಸ್ ಮೂರು ತಿಂಗಳು ಅಮಾನತು. ಕಾರು ನಾಳೆ ನೋಂದಣಿ ಆಗುವವರೆಗೆ ಠಾಣೆಯ ಅಂಗಳದಲ್ಲೇ ಇರಬೇಕು. ಚಿಕ್ಕಳಿಯ ಜೇಬಿನಿಂದ ಲೈಸೆನ್ಸ್ ತೆಗೆದು ಮೇಜಿನ ಮೇಲಿಟ್ಟ. ಕಾಗದಕ್ಕೆ ಮುದ್ರೆ ಒತ್ತುತ್ತ ಇನ್ಸ್‌ಪೆಕ್ಟರ್ ಇನ್ನೊಂದು ಮಾತು ಹೇಳಿದರು.

"ಯಾರೋ ನಿಮಗೆ ಆಗದವರು ಇದಾರೆ. ಫೋನ್ ಮಾಡಿದವನು ಆಸ್ಪತ್ರೆ, ಹೊರಡೋ ಹೊತ್ತು, ಬರೋ ದಾರಿ, ಎಲ್ಲ ಹೇಳಿದ."

"ಅಂಗಡಿ ಕಡೆಯವರು ಯಾರಾದ್ರೂ ಇರ್ಬೇಕು ಬಿಡಿ ಸಾರ್," ಎಂದ ಚಿಕ್ಕಳಿಯ. ಅಷ್ಟೇ. ಆ ವಿಷಯ ಅವನ ಮಟ್ಟಿಗೆ ಅಲ್ಲಿಗೇ ಮುಗಿಯಿತು.

ಬೆಂಚಿನ ಮೇಲಿದ್ದ ಹೆಂಡತಿ ಮಾತ್ರ ನಿಧಾನಕ್ಕೆ ತಲೆ ಎತ್ತಿದಳು. ಸೇತುವೆ ರಸ್ತೆಯಲ್ಲಿ ಹೋಗುತ್ತೇವೆಂದು ಅವಳು ಒಬ್ಬರಿಗೇ ಹೇಳಿದ್ದಳು. ದೊಡ್ಡಳಿಯ ಗೋಡೆಯ ಮೇಲಿನ ಗಡಿಯಾರ ನೋಡುತ್ತ ನಿಂತ. ಅದು ನಿಂತುಹೋಗಿದ್ದ ಗಡಿಯಾರ, ಆದರೂ ಬಹಳ ಹೊತ್ತು ನೋಡಿದ.

ಕೊನೆಗೂ ಮಾವನನ್ನು ಮನೆಗೆ ಕರೆತಂದದ್ದು ಅವನೇ, ಹತ್ತೊಂಬತ್ತು ವರ್ಷದ ಕಾರಿನಲ್ಲಿ, ಹಿಂದಿನ ಸೀಟಿನಲ್ಲಿ ಮೂವರು ಒತ್ತಿಕೊಂಡು. ಅವನು ಬಯಸಿದ್ದೂ ಇದನ್ನೇ. ಮಾವ ಎಂದಿನಂತೆ ತುಟಿ ಬಿಚ್ಚಲಿಲ್ಲ. ಆದರೆ ಅವತ್ತಿನ ಮೌನ ಯಾಕೆಂದು ಅವನಿಗೆ ತಿಳಿಯಲಿಲ್ಲ. ಕಣ್ಣಿನ ನೋವಿಗೋ, ಡ್ರೈವಿಂಗ್ ಒಪ್ಪಿಗೆಯಾಗಿಯೋ, ಇಲ್ಲ ಇನ್ನೇನಾದರೂ ಗೊತ್ತಾಗಿಯೋ. ಕೇಳುವ ಧೈರ್ಯವಂತೂ ಇರಲಿಲ್ಲ.

ತಮ್ಮ ಮನೆಗೆ ಬಂದ ಮೇಲೆ ಹೆಂಡತಿ ಪಾತ್ರೆ ಒರೆಸುತ್ತ ಕೇಳಿದಳು. "ಫೋನ್ ಮಾಡಿದ್ದು ಯಾರಿರ್ಬಹುದು ರೀ?"

"ನಂಗೇನು ಗೊತ್ತು."

"ಹೌದಾ," ಎಂದಳು. ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದಳು. ಆಮೇಲೆ ಆ ವಿಷಯ ಎತ್ತಲಿಲ್ಲ. ಅವಳು ಕೂಗಾಡಿದ್ದರೆ ಅವನು ತಿರುಗಿ ಕೂಗಾಡಿ ಬಚಾವಾಗುತ್ತಿದ್ದ, ಆ ದಾರಿಯನ್ನೂ ಅವಳು ಕೊಡಲಿಲ್ಲ.

ವಾರ ಕಳೆದು ಮಾವನನ್ನು ಮತ್ತೆ ಕಣ್ಣಾಸ್ಪತ್ರೆಗೆ ತೋರಿಸಬೇಕಿತ್ತು. ಬೆಳಿಗ್ಗೆ ಚಿಕ್ಕಳಿಯ ಬೀಗದ ಕೈ ತಂದು ದೊಡ್ಡಳಿಯನ ಅಂಗೈಯಲ್ಲಿಟ್ಟ. ಕಾರಿಗೆ ಹೊಸ ಅಕ್ಷರದ ನಂಬರು ಬಂದಿತ್ತು.

"ಮೂರು ತಿಂಗಳು ಇದು ನಿಮ್ಮ ಗಾಡಿ ಭಾವ. ಓಡಿಸೋಕೆ ನಂಗೆ ಲೈಸೆನ್ಸ್ ಇಲ್ವಲ್ಲ. ನಿಮ್ಮನೆ ಹತ್ರಾನೇ ಇರ್ಲಿ, ನಿಮ್ಮ ಕೆಲಸಕ್ಕೂ ತಗೊಂಡು ಹೋಗಿ. ಬೇರೆ ಯಾರ ಕೈಗೂ ಕೊಡೋಕೆ ಮನಸ್ಸಿಲ್ಲ."

"ನಿನ್ನ ಅಂಗಡಿಗೆ?"

"ಬಸ್ಸಿದೆ. ಒಳ್ಳೇದಾಯ್ತು, ಹೊಟ್ಟೆ ಸ್ವಲ್ಪ ಕರಗತ್ತೆ," ಎಂದು ಹೊಟ್ಟೆ ತಟ್ಟಿಕೊಂಡು ನಕ್ಕ.

ದೊಡ್ಡಳಿಯ ಸ್ಟೀರಿಂಗ್ ಹಿಡಿದ. ಪಕ್ಕದಲ್ಲಿ ಮಾವ, ಹಿಂದೆ ಅವನ ಹೆಂಡತಿ, ನಾದಿನಿ, ಚಿಕ್ಕಳಿಯ. ಕಾರು ಬೆಣ್ಣೆಯ ಮೇಲೆ ಜಾರಿದಂತೆ ಹೋಯಿತು. ಹೊಸ ಕಾರು, ಮುಂದಿನ ಸೀಟಿನಲ್ಲಿ ಮಾವ, ಕೈಯಲ್ಲಿ ಸ್ಟೀರಿಂಗು, ಅವನಿಗೆ ಬೇಕೆಂದದ್ದೆಲ್ಲ ಸಿಕ್ಕಿತ್ತು. ಸಿಕ್ಕಿದ್ದಲ್ಲ, ಕೊಟ್ಟದ್ದು. ಕೊಟ್ಟವನು ಚಿಕ್ಕಳಿಯ. ಮನೆ, ಅಂಗಡಿ, ಕಾರು, ಇವುಗಳಲ್ಲಿ ಮುಂದಿದ್ದವನು ಈಗ ಒಳ್ಳೆಯತನದಲ್ಲೂ ಅವನನ್ನು ಹಿಂದೆ ಹಾಕಿ ಹೋಗಿದ್ದ, ಅದೂ ಹಿಂದಿನ ಸೀಟಿನಲ್ಲಿ ಕೂತುಕೊಂಡು. ದಂಡವನ್ನಾದರೆ ತೀರಿಸಬಹುದು, ಇದನ್ನು ಹೇಗೆ ತೀರಿಸುವುದೆಂದು ತಿಳಿಯಲಿಲ್ಲ.

ಸೇತುವೆ ರಸ್ತೆಗೆ ತಿರುಗುವಾಗ ಹಿಂದಿನಿಂದ ಗೊರಕೆ ಕೇಳಿತು. ಕನ್ನಡಿಯಲ್ಲಿ ನೋಡಿದ. ಚಿಕ್ಕಳಿಯ ಹೆಂಡತಿಯ ಹೆಗಲ ಮೇಲೆ ತಲೆ ಇಟ್ಟು, ಬಾಯಿ ತೆರೆದು, ಹಾಲು ಕುಡಿದ ಮಗುವಿನ ಹಾಗೆ ಮಲಗಿದ್ದ. ಪೊಲೀಸರು ಹಿಡಿದ ಅದೇ ರಸ್ತೆಯಲ್ಲಿ, ತನ್ನನ್ನು ಹಿಡಿಸಿದವನ ಬೆನ್ನ ಹಿಂದೆ, ಒಂದು ಚಿಂತೆ ಇಲ್ಲದ ನಿದ್ದೆ. ದೊಡ್ಡಳಿಯ ಕಣ್ಣು ಮುಚ್ಚಿ ಏಳು ರಾತ್ರಿ ಆಗಿತ್ತು. ಅವನಿಗೆ ಹೊಟ್ಟೆಕಿಚ್ಚಾಯಿತು. ಕಾರಿನ ಮೇಲಲ್ಲ, ಮನೆಯ ಮೇಲಲ್ಲ, ಆ ಗೊರಕೆಯ ಮೇಲೆ. ಈವರೆಗಿನ ಹೊಟ್ಟೆಕಿಚ್ಚೆಲ್ಲ ಇದರ ಮುಂದೆ ಏನೇನೂ ಅಲ್ಲ ಅನ್ನಿಸಿತು. ಕನ್ನಡಿಯ ಇನ್ನೊಂದು ತುದಿಯಲ್ಲಿ ಹೆಂಡತಿ ಅವನನ್ನೇ ನೋಡುತ್ತಿದ್ದಳು. ಅವನು ಕಣ್ಣನ್ನು ರಸ್ತೆಗೆ ತಂದ.

ಹದಿನೆಂಟು ವರ್ಷದಲ್ಲಿ ಮೊದಲ ಸಲ ಮಾವ ಅವನ ಡ್ರೈವಿಂಗ್ ಬಗ್ಗೆ ಬಾಯಿ ಬಿಟ್ಟರು.

"ಸ್ವಲ್ಪ ನಿಧಾನಕ್ಕೆ ಹೋಗಿ," ಎಂದರು. "ಅವರು ಮಲಗಿದಾರೆ, ಎಚ್ಚರ ಆಗೋದು ಬೇಡ."

ದೊಡ್ಡಳಿಯ ಗೇರ್ ಇಳಿಸಿದ. ಮುಂದೆ ಬಂದ ಹೊಂಡಗಳನ್ನೆಲ್ಲ ತಪ್ಪಿಸುತ್ತ, ಒಂದಿಷ್ಟೂ ಕುಲುಕದ ಹಾಗೆ ಕಾರು ಓಡಿಸಿದ.